ಎತ್ತಿ ನೋಡಬಹುದಾದ ಸೂರು

"ಜಿಪ್ಸಮ್ ಬ್ಯಾಡ್ರಿ" ಎಂದೆ. ಅಷ್ಟೇ ಹೇಳಿದ್ದು. ದನಿ ಏರಿಸಲಿಲ್ಲ. ಕೈಯಲ್ಲಿದ್ದ ಚಹಾದ ಟ್ರೇಯನ್ನು ಸಪ್ಪಳವಾಗದಂತೆ ಸ್ಟೂಲಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಹೇಳಿದೆ. ಮನೆಯವರು ಕಪ್ಪನ್ನು ಬಾಯಿಗೆ ಒಯ್ಯುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ಅತ್ತೆ ಬತ್ತಿ ಹೊಸೆಯುವುದನ್ನು ಬಿಟ್ಟು ನನ್ನ ಮುಖ ನೋಡಿದರು. ನಾನು ಮದುವೆಯಾಗಿ ಬನಹಟ್ಟಿಗೆ ಬಂದು, ಮಗಳು ಹುಟ್ಟಿ, ಅವಳು ಓದಲು ಹಾಸ್ಟೆಲ್ಲಿಗೆ ಹೋಗುವಷ್ಟು ಕಾಲವಾಗಿತ್ತು. ಅಷ್ಟೂ ವರ್ಷ ಈ ಮನೆಯಲ್ಲಿ ನಾನು ಬೇಡ ಎಂದದ್ದು ಊಟಕ್ಕೆ ಕೂತಾಗ ಮಾತ್ರ, ಇನ್ನೊಂದು ರೊಟ್ಟಿ ಹಾಕಲು ಬಂದವರಿಗೆ.

ಮಾತು ನಡೆದದ್ದು ನಮ್ಮ ನೆಲಮನೆಯ ಸೂರಿನ ಬಗ್ಗೆ. ಮನೆಯ ಕೆಳಗೆ, ಅರ್ಧ ನೆಲದೊಳಗೆ ಅರ್ಧ ಹೊರಗೆ ಇರುವ ಉದ್ದನೆಯ ಕೋಣೆ ಅದು. ಮಾವನವರ ಕಾಲದಲ್ಲಿ ನೂಲಿನ ಗಂಟು, ನೇಯ್ದ ಸೀರೆಗಳ ಕಟ್ಟು ಇಡುತ್ತಿದ್ದ ಜಾಗ. ಮನೆಯವರು ಸ್ವಂತ ಮಗ್ಗ ಬಿಟ್ಟು, ನೇಕಾರರಿಂದ ಸೀರೆ ಕೊಂಡು ಊರೂರಿನ ಅಂಗಡಿಗಳಿಗೆ ಕಳಿಸುವ ವ್ಯಾಪಾರಕ್ಕೆ ಇಳಿದ ಮೇಲೆ ಅಲ್ಲಿ ಮುರಿದ ಕುರ್ಚಿ, ಹಳೇ ಕೂಲರು, ಕಾಲು ಹೋದ ತೊಟ್ಟಿಲು ಸೇರಿಕೊಂಡಿದ್ದವು. ಓಣಿಯ ಮಟ್ಟಕ್ಕೆ ಜಾಲರಿಯ ಸಣ್ಣ ಕಿಟಕಿಗಳಿವೆ. ಒಳಗೆ ನಿಂತರೆ ಹೋಗಿಬರುವವರ ಮುಖ ಕಾಣುವುದಿಲ್ಲ, ಕಾಲು ಕಾಣುತ್ತವೆ. ಯಾವ ಚಪ್ಪಲಿ ಯಾರದೆಂದು ನನಗೆ ಬಾಯಿಪಾಠ. ನಮ್ಮ ಗೋಡೆಗೆ ಗೋಡೆ ಹಚ್ಚಿ ಪಕ್ಕದ ಮನೆಯವರ ಪವರ್‌ಲೂಮ್ ಮಗ್ಗಗಳಿವೆ. ಅಲ್ಲಿಂದ ಹಾರಿಬರುವ ನೂಲಿನ ಧೂಳು ಆ ಜಾಲರಿಗೆ ಅಂಟಿಕೊಂಡಿರುತ್ತದೆ. ಅದರ ಬಣ್ಣ ನೋಡಿಯೇ ಈ ವಾರ ಅವರು ಹಸಿರು ಸೀರೆ ನೇಯುತ್ತಿದ್ದಾರೋ ಕುಂಕುಮದ ಬಣ್ಣದ್ದೋ ಹೇಳಿಬಿಡುತ್ತೇನೆ.

ಆ ಕೋಣೆ ನನಗೆ ಬೇಕಾಗಿತ್ತು. ನನಗೆ ಎಂದರೆ ನನ್ನ ಹುಡುಗಿಯರಿಗೆ.

ನಾನು ಓದಿದ್ದು ತವರಿನ ಕಾನ್ವೆಂಟಿನಲ್ಲಿ. ಇಲ್ಲಿಗೆ ಬಂದ ಮೇಲೆ ಆ ಓದು ದವಾಖಾನೆಯ ಚೀಟಿ, ಔಷಧದ ಬಾಟಲಿ, ಬ್ಯಾಂಕಿನ ಎಸ್ಸೆಮ್ಮೆಸ್ಸು ಓದಿಹೇಳುವುದಕ್ಕಷ್ಟೇ ಉಪಯೋಗವಾಗಿತ್ತು. ಆಮೇಲೆ ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬರತೊಡಗಿದರು. ಸಾಲಿಗೆ ಹೋಗುವ ಹುಡುಗಿಯರು ಮೊದಲು. ಅವರ ಹಿಂದೆ ಅವರ ಅತ್ತಿಗೆಯರು, ಹತ್ತನೇ ತರಗತಿ ಮುಗಿಸಿ ಮದುವೆಯಾಗಿ ಬಂದ ಸೊಸೆಯರು. ಮಧ್ಯಾಹ್ನದ ಭಾಂಡೆ ತಿಕ್ಕಿಟ್ಟು, ಕೈಗೆ ಇನ್ನೂ ಸಾಬೂನಿನ ವಾಸನೆ ಇರುವಾಗಲೇ ಬಂದು ಹಾಲಿನಲ್ಲಿ ಚಾಪೆ ಹಾಸಿ ಕೂರುವರು. ಇಂಗ್ಲಿಷ್ ಓದುವುದು, ಮಾತಾಡುವುದು, ಅಷ್ಟೇ. ಆದರೆ ನಮ್ಮ ಹಾಲಿಗೆ ಹೊತ್ತಿಲ್ಲದ ಹೊತ್ತಿಗೆ ವ್ಯಾಪಾರದ ಮಂದಿ ಬರುತ್ತಾರೆ. ಬಂದರೆಂದರೆ ಹುಡುಗಿಯರು ಎದ್ದು, ಚಾಪೆ ಸುತ್ತಿ, ಅಡುಗೆಮನೆಯಲ್ಲಿ ಸಿಲಿಂಡರು ಮತ್ತು ನೀರಿನ ಕೊಡದ ನಡುವೆ ನಿಲ್ಲಬೇಕು. ಒಂದು ದಿನ ಒಬ್ಬ ಸೊಸೆ, ಮೊದಲ ಸಲ ಒಂದು ಪುಟವನ್ನು ತಡವರಿಸದೆ ಓದುತ್ತಿದ್ದವಳು, ಹಾಗೆ ಎದ್ದುಹೋಗುವಾಗ ಸಾಲಿನ ಮೇಲಿಟ್ಟ ಬೆರಳನ್ನು ತೆಗೆದಿರಲಿಲ್ಲ. ಬಂದವರು ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಎಲೆ ಅಡಿಕೆ ಹಾಕಿಕೊಂಡು ಹೋಗುವವರೆಗೂ ಆ ಬೆರಳು ಅಲ್ಲೇ ಇತ್ತು. ಅವತ್ತೇ ಮನೆಯವರಿಗೆ ಹೇಳಿದೆ, ನೆಲಮನೆ ನನಗೆ ಕೊಡಿ ಎಂದು.

"ನೋಡೂಣು" ಎಂದರು ಅವರು. ಅವರು ಯಾವುದಕ್ಕೂ ಹೀಗೇ ಅನ್ನುವುದು. ಆದರೆ ಆ ಸಲ ಅದಕ್ಕೊಂದು ಬಾಲ ಸೇರಿಸಿದರು: "ತಗೋ. ನಿನಗ ಬೇಕಂದ್ರ ತಗೋ. ಅದೇನ ಬಂಗಾರದ ಖಜಾನಿ ಏನ?"

ಸಾಮಾನು ಹೊರಬಿತ್ತು. ಗೋಡೆಯ ತೇವಕ್ಕೆ ಮದ್ದು ಬಳಿಸಿದೆವು, ನೆಲಕ್ಕೆ ಫರಸಿ ಕಲ್ಲು ಬಂತು, ಗೋಡೆಗೆ ಕೆನೆಬಣ್ಣ. ಉಳಿದದ್ದು ಮೇಲ್ಗಡೆ. ಮೇಲೆ ತಲೆಯೆತ್ತಿದರೆ ಮನೆಯ ಕರುಳೆಲ್ಲ ಕಾಣುತ್ತಿತ್ತು. ಅಡುಗೆಮನೆಯ ನೀರಿನ ಪೈಪು, ಬಚ್ಚಲಿನ ಪೈಪು, ವೈರುಗಳ ಗೊಂಚಲು, ಇವುಗಳಿಗೆ ತಾಗದಂತೆ ಬೇರೆಯಾಗಿ ಹರಿದು ಹಿತ್ತಲಿನ ಬಿಲ್ವದ ಗಿಡಕ್ಕೆ ಹೋಗುವ ದೇವರ ಮನೆಯ ಪೈಪು. ಪೂಜೆಯ ನೀರು ಬಚ್ಚಲಿನ ನೀರಿಗೆ ಕೂಡಬಾರದೆಂದು ಅತ್ತೆ ನಿಂತು ಹಾಕಿಸಿದ್ದು ಅದು. ಇದನ್ನೆಲ್ಲ ಮುಚ್ಚಲು ದಾರಿ ಎರಡು. ಜಿಪ್ಸಮ್ ಬೋರ್ಡು ಹೊಡೆದು, ಸಂದುಗಳಿಗೆ ಪಟ್ಟಿ ಅಂಟಿಸಿ, ಮೆತ್ತಿ, ಬಣ್ಣ ಬಳಿದು ನುಣ್ಣಗೆ ಗೋಡೆಯ ಹಾಗೆ ಮಾಡುವುದು ಒಂದು. ತಗಡಿನ ಪಟ್ಟಿಗಳ ಚೌಕಗಳನ್ನು ಮೇಲಿನಿಂದ ತಂತಿಯಲ್ಲಿ ಇಳಿಬಿಟ್ಟು, ಒಂದೊಂದು ಚೌಕದಲ್ಲಿ ಒಂದೊಂದು ಹಗುರಾದ ಟೈಲನ್ನು ಸುಮ್ಮನೆ ಕೂರಿಸುವುದು ಇನ್ನೊಂದು. ಮೊದಲನೆಯದನ್ನು ಒಡೆಯದೆ ಒಳಗೆ ನೋಡಲಾಗುವುದಿಲ್ಲ. ಎರಡನೆಯದನ್ನು ಕುರ್ಚಿಯ ಮೇಲೆ ನಿಂತು, ಸಾರಿನ ಪಾತ್ರೆಯ ಮುಚ್ಚಳದಂತೆ ಎತ್ತಿ ನೋಡಬಹುದು.

ಎತ್ತಿ ನೋಡಬಹುದಾದ್ದೇ ಇರಲಿ ಎಂದುಕೊಂಡೆ. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅಷ್ಟರಲ್ಲಿ ಮುಧೋಳದಿಂದ ಭಾವನವರ ಫೋನು ಬಂತು.

ಭಾವ ನನ್ನ ಗಂಡನ ಅಣ್ಣ. ಪಾಲಾಗಿ ಬಹಳ ವರ್ಷವಾಗಿದೆ, ಅವರು ಮುಧೋಳದಲ್ಲಿ ಸೀರೆ ಅಂಗಡಿ ಇಟ್ಟುಕೊಂಡು ಚೆನ್ನಾಗಿದ್ದಾರೆ. ಆದರೂ ಈ ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಅವರ ಮಾತು ಬರಬೇಕು. ಅವರು ಕೆಟ್ಟವರಲ್ಲ. ದೊಡ್ಡವರು ಅಷ್ಟೇ. ನಮ್ಮಲ್ಲಿ ತಮ್ಮನ ಹೆಂಡತಿಯ ಜೊತೆ ಭಾವ ನೇರ ಮಾತಾಡುವುದಿಲ್ಲ. ನಾನು ಎದುರಿಗೇ ಇದ್ದರೂ, "ನಿನ್ನ ಮನ್ಯಾಕಿಗೆ ಹೇಳು, ಸಾರಿಗೆ ಉಪ್ಪು ಕಡಿಮಿ ಆಗೇತಿ" ಎಂದು ತಮ್ಮನಿಗೆ ಹೇಳುತ್ತಾರೆ. ನಾನು ಉಪ್ಪಿನ ಬಟ್ಟಲು ತಂದು, "ಹಾಕ್ಕೊಳ್ಳಾಕ ಹೇಳ್ರಿ" ಎಂದು ಗಂಡನಿಗೆ ಹೇಳುತ್ತೇನೆ. ನಡುವೆ ಕೂತ ಇವರು ತಿನ್ನುತ್ತಿರುತ್ತಾರೆ, ಏನನ್ನೂ ಹೇಳುವುದಿಲ್ಲ, ಆದರೂ ಮಾತು ಮುಟ್ಟುತ್ತದೆ.

ಅವರ ಮನೆಯ ಹಾಲಿಗೆ ಹೊಸದಾಗಿ ಜಿಪ್ಸಮ್ ಸೀಲಿಂಗ್ ಆಗಿತ್ತು, ನೋಡಿಕೊಂಡು ಹೋಗಲಿ ಎಂದು ಕರೆದಿದ್ದರು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಮುಧೋಳ ಮುಟ್ಟಿದೆವು. ಒಳಗೆ ಹೋಗಿ ನೋಡಿದರೆ ನೆತ್ತಿಯ ಮೇಲೆ ಅರಳಿದ ಕಮಲ, ಸುತ್ತ ಮೂರು ಸುತ್ತಿನ ಅಂಚು, ಅಂಚಿನೊಳಗೆ ಅಡಗಿದ ದೀಪ. ಭಾವ ರಿಮೋಟ್ ಒತ್ತಿದರು, ಕಮಲ ನೀಲಿಯಾಯಿತು. ಮತ್ತೆ ಒತ್ತಿದರು, ಗುಲಾಬಿ.

"ಹೆಂಗೈತಿ ಕೇಳೋ ತಮ್ಮಾ" ಎಂದರು.

ಮನೆಯವರು ನನ್ನ ಕಡೆ ನೋಡಿದರು. "ಛಲೋ ಐತ್ರಿ ಅನ್ರಿ" ಎಂದೆ. ಖರೆ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು. ಆದರೆ ಕಣ್ಣು ನನ್ನ ಮಾತು ಕೇಳುವುದಿಲ್ಲ, ಮೂಲೆ ಹುಡುಕುತ್ತದೆ. ಮಹಡಿಯ ಬಚ್ಚಲಿನ ಕೆಳಗೆ ಬರುವ ಮೂಲೆಯಲ್ಲಿ, ಹೊಸ ಬಣ್ಣದ ಕೆಳಗಿಂದ ಚಹಾ ಚೆಲ್ಲಿ ಒಣಗಿದಂಥ ಒಂದು ಕಂದು ಗೆರೆ ಇಣುಕುತ್ತಿತ್ತು. ಅಡುಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದ ನೆಗೆಣ್ಣಿ, ಭಾವನವರ ಹೆಂಡತಿ, ನನ್ನ ಕಿವಿಯ ಹತ್ತಿರ ಬಂದು, "ನೋಡಿದೇನ? ಸೀಲಿಂಗ್ ಕೊರಸಿ ಕೊರಸಿ ಸಾಕಾಗೇತಿ ಯವ್ವಾ. ಸೋರೂದು ಎಲ್ಲಿ ಅಂತ ತಿಳೀವಲ್ದು. ಅವರ ಮುಂದ ಅನಬ್ಯಾಡ, ಕಮಲದ ಸಲುವಾಗಿ ಊರಿಗೆಲ್ಲಾ ಚಾ ಕುಡಿಸ್ಯಾರ" ಎಂದು ನಕ್ಕರು. ನಾನು ಅನ್ನಲಿಲ್ಲ. ಆಮೇಲೆ ಜಗಳ ಬಿಗಿಯಾದಾಗಲೂ ಅನ್ನಲಿಲ್ಲ. ಆ ಗೆರೆ ಅವರ ಮನೆಯದು, ಅದನ್ನು ತಂದು ನನ್ನ ಮಾತಿಗೆ ಊರುಗೋಲು ಮಾಡಿಕೊಳ್ಳುವುದು ನನಗೆ ಬೇಡವಾಗಿತ್ತು.

ತಿರುಗಿ ಬಂದ ಸಂಜೆಯೇ ಇವರು ಚಹಾ ಕುಡಿಯುತ್ತ, "ಅಣ್ಣ ಅಂತಾನ, ನಮ್ಮ ನೆಲಮನಿಗೂ ಹಂಗ ಮಾಡಸೂಣು ಅಂತ. ಜಿಪ್ಸಮ್ ಹಾಕಿ, ನಡುವ ಝುಮ್ಮರ್ ದೀಪ ತೂಗಹಾಕಿ, ಕೆಳಗ ಗಾದಿ ಹಾಸಿದ್ರ ಪರ ಊರಿನ ವ್ಯಾಪಾರಸ್ಥರು ಕುಂತು ಸೀರಿ ನೋಡಾಕ ಭಾಳ ಛಲೋ ಆಕೈತಿ" ಎಂದರು. ಆಗಲೇ ನಾನು ಆ ಮೊದಲಿನ ಮಾತು ಹೇಳಿದ್ದು.

"ಜಿಪ್ಸಮ್ ಬ್ಯಾಡ್ರಿ."

ಅತ್ತೆ ಬತ್ತಿಯ ಹತ್ತಿಯನ್ನು ಕೆಳಗಿಟ್ಟರು. "ಯಾಕ ಬೇ? ಬಚ್ಚಲ ಪೈಪಿನ ಬುಡಕ ಕುಂದರ್ಸಿ ಮಂದಿಗೆ ಚಾ ಕೊಡೂದೇನ? ಮುಚ್ಚಿಬಿಡ್ರಿ ಅತ್ಲಾಗ. ಕಾಣಂಗ ಇರಬಾರದು."

"ಟೈಲ್ ಹಾಕಿದ್ರೂ ಮುಚ್ಚತೈತ್ರಿ ಅತ್ತಿ."

"ಮುಚ್ಚಿದಂಗ ಆಕೈತಿ, ಮುಚ್ಚೂದಿಲ್ಲ. ಎತ್ತಿದ್ರ ಕಂಡೇ ಕಾಣ್ತೈತಿ."

"ಎತ್ತಾಕ ಬರ್ಬೇಕಂತನ ಅದು ಬೇಕ್ರಿ. ಸೋರಿದ್ರ ನೋಡಬೇಕಲ್ರಿ."

"ಕೇಳಿದೇನೋ" ಎಂದರು ಅತ್ತೆ ಮಗನ ಕಡೆ ತಿರುಗಿ. "ಪೈಪ್ ಇನ್ನೂ ಸೋರಿಲ್ಲ, ನಿನ್ನ ಹೇಂತಿ ಆಗಲೇ ಒರಸಾಕ ಅರಿವಿ ಹಿಡದು ನಿಂತಾಳ."

ಇವರು ನಕ್ಕರು. ನಾನೂ ನಕ್ಕೆ. ಆದರೆ ಮಾತು ಬಿಡಲಿಲ್ಲ. "ಗಾದಿ ಎಲ್ಲಿಂದ ಬಂತ್ರಿ ನಡುವ? ನೆಲಮನಿ ನನಗ ಅಂದಿದ್ರಲ್ಲಾ" ಎಂದೆ.

"ಅಂದೇನಿ, ಇಲ್ಲಂದಿಲ್ಲ. ಮಂದಿ ಬಂದಾಗ ಅವರಿಗೆ, ಇಲ್ಲದಾಗ ನಿಮಗ. ನೋಡೂಣು."

ಹಾಗೆಂದರೆ ಏನು ಎಂದು ನನಗೆ ಗೊತ್ತಿತ್ತು. ಮೇಲಿನ ಹಾಲಿನಲ್ಲಿ ಆಗುತ್ತಿದ್ದದ್ದೇ ಕೆಳಗೂ ಆಗುವುದು. ಝುಮ್ಮರು ತೂಗಿದ, ಅಂಚಿನೊಳಗೆ ದೀಪ ಹೊತ್ತುವ ಕೋಣೆಯಲ್ಲಿ ಸೊಸೆಯರು ಚಾಪೆ ಹಾಸಲು ತಾವಾಗಿಯೇ ಹಿಂಜರಿಯುತ್ತಾರೆ, ಯಾರೂ ಎಬ್ಬಿಸಬೇಕಾದ್ದೂ ಇಲ್ಲ. ಟೈಲಿನ ಸೂರು ಹಾಕಿದರೆ ಅದನ್ನು ನೋಡಿದವರಿಗೆಲ್ಲ ಇದು ಸಾಲಿ ಎಂದೇ ಅನಿಸುತ್ತದೆ, ಗಾದಿ ಹಾಸಲು ಗಂಡಸರಿಗೇ ಮನಸ್ಸು ಬರುವುದಿಲ್ಲ. ಸೂರು ಯಾವುದೆಂದು ಆರಿಸುವುದೂ ಕೋಣೆ ಯಾರದೆಂದು ಹೇಳುವುದೂ ಒಂದೇ ಆಗಿತ್ತು. ಭಾವನವರಿಗೂ ಅದು ಗೊತ್ತಿತ್ತೆಂದು ನನಗೆ ಅನುಮಾನ. ವ್ಯಾಪಾರಸ್ಥರಲ್ಲವೇ.

ಅಮಾವಾಸ್ಯೆಯ ದಿನ ಜಮಖಂಡಿಯಿಂದ ಮೇಸ್ತ್ರಿ ಬಂದರು. ನಮ್ಮ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗ ನಡೆಸುವುದಿಲ್ಲ. ಮಗ್ಗ ಒರೆಸಿ, ಪೂಜೆ ಮಾಡಿ, ಕಾಯಿ ಒಡೆದು ಸುಮ್ಮನೆ ಬಿಡುತ್ತಾರೆ. ಗಂಡಸರು ಮನೆಯಲ್ಲಿ ಸಿಗುವ ದಿನ ಅದೇ ಆದ್ದರಿಂದ ಹೊಸ ಕೆಲಸಕ್ಕೆ ಕೈಹಚ್ಚದಿದ್ದರೂ ನೋಡುವುದು, ಅಳೆಯುವುದು, ಆರಿಸುವುದು ಎಲ್ಲ ಅಮಾವಾಸ್ಯೆಗೇ. ಹೀಗೆ ನಮ್ಮ ಓಣಿಯ ಮನೆಮನೆಯ ಶೋಕೇಸು, ಕನ್ನಡಿ, ಗಾಜಿನ ಬಾಗಿಲು ಎಲ್ಲವೂ ಆ ಒಂದು ದಿನದ ನಿಶ್ಶಬ್ದದಲ್ಲಿ ನೋಡಿ ಆರಿಸಿದಂಥವು. ಹಾಕಿಸಿದ ಮೇಲೆ ಮಗ್ಗ ಶುರುವಾದರೆ ಗಡಗಡ ನಡುಗುತ್ತವೆ. ಪ್ರತಿ ಮನೆಯವರೂ ತಿಂಗಳಾನುಗಟ್ಟಲೆ ಬೈದುಕೊಳ್ಳುತ್ತಾರೆ. ಆದರೂ ಮುಂದಿನದನ್ನು ಮತ್ತೆ ಅಮಾವಾಸ್ಯೆಗೇ ನೋಡುತ್ತಾರೆ.

ಭಾವನವರೂ ಬಂದಿದ್ದರು. ಮೇಸ್ತ್ರಿ ಕೋಣೆಯ ಒಂದು ತುದಿಗೆ ಚೌಕಟ್ಟು ಕಟ್ಟಿ ಜಿಪ್ಸಮ್ ಬೋರ್ಡಿನ ತುಂಡು ಹೊಡೆದರು. ಇನ್ನೊಂದು ತುದಿಗೆ, ಪವರ್‌ಲೂಮಿನ ಗೋಡೆಯ ಕಡೆಗೆ, ಪಟ್ಟಿ ಇಳಿಬಿಟ್ಟು ನಾಲ್ಕಾರು ಟೈಲು ಕೂರಿಸಿ ತೋರಿಸಿದರು. ಎಲ್ಲರೂ ತಲೆ ಎತ್ತಿಕೊಂಡು ಆ ತುದಿಯಿಂದ ಈ ತುದಿಗೆ ಓಡಾಡಿದೆವು. ಜಿಪ್ಸಮ್ ಹಾಲಿನ ಕೆನೆಯಂತೆ ಕಾಣುತ್ತಿತ್ತು. ಟೈಲುಗಳ ಮೈಮೇಲೆ ಸಿಡುಬಿನ ಕಲೆಯಂತೆ ಸಣ್ಣ ಸಣ್ಣ ತೂತು.

"ತಮ್ಮಾ, ಇದು ಮನಿಯೋ ಬ್ಯಾಂಕೋ?" ಎಂದರು ಭಾವ ಟೈಲುಗಳ ಕೆಳಗೆ ನಿಂತು. "ಇಲ್ಲಿ ಕುಂತ ಮಂದಿ ಟೋಕನ್ ಕೇಳ್ತಾರ."

ಮೇಸ್ತ್ರಿ ಕೂಡ ನಕ್ಕರು. "ಇನ್ನೊಂದು ಐತ್ರಿ ಯಜಮಾನ್ರ. ಟೈಲು ಎತ್ತಿಳಸಾಕ ಜಾಗಾ ಬೇಕು. ಪೈಪಿನ ಬುಡಕ ಇನ್ನೊಂದು ಗೇಣು ಕೆಳಗ ಬರ್ತೈತ್ರಿ. ಜಿಪ್ಸಮ್ ಆದ್ರ ಪೈಪಿಗೆ ಅಷ್ಟ ಡಬ್ಬಿಯಂಗ ಮುಚ್ಚಿ ಉಳಿದದ್ದು ಮ್ಯಾಲೇ ಹೊಡೀಬಹುದು."

"ಕೇಳಿಸ್ಕೊಂಡ್ಯಾ? ಗೇಣು ಕೆಳಗ. ನಿನ್ನ ಮನ್ಯಾಕಿಗೆ ಹೇಳು, ಎದ್ದು ನಿಂತ್ರ ತಲೀ ಮ್ಯಾಲಿನ ಪಟಗಾ ಬಡೀತೈತಿ ಅಂತ."

"ನಮ್ಮ ಹುಡುಗ್ಯಾರು ನೆಲದ ಮ್ಯಾಲೆ ಕುಂದರ್ತಾರ ಅಂತ ಹೇಳ್ರಿ" ಎಂದೆ ಇವರಿಗೆ. "ಕುಂತವರಿಗೆ ಎತ್ತರ ಯಾಕ ಬೇಕ್ರಿ?"

ಇವರು ಗಂಟಲು ಸರಿಮಾಡಿಕೊಂಡರು. ಭಾವ ಕೇಳಿಸಿಕೊಳ್ಳದವರಂತೆ ಎಲ್ಲಿ ಗಾದಿ, ಎಲ್ಲಿ ಗಾಜಿನ ಕಪಾಟು ಎಂದು ಮೇಸ್ತ್ರಿಗೆ ಕೈಮಾಡಿ ತೋರಿಸತೊಡಗಿದರು. ಜಿಪ್ಸಮ್ ಎಂದು ಮಾತು ಮುಗಿದೇಹೋಗಿತ್ತು. ಆಗ ನಾನು ಮೇಸ್ತ್ರಿಯವರಿಗೇ ಹೇಳಿದೆ: "ಅಣ್ಣಾರ, ಹೆಂಗೂ ಇವತ್ತ ಕೆಲಸಾ ಹಚ್ಚೂದಿಲ್ಲ. ಎರಡೂ ಹಂಗ ಬಿಡ್ರಿ. ನಾಳೆ ಮಗ್ಗ ಚಾಲೂ ಆದ ಮ್ಯಾಲೆ ನೋಡಿ ಹೇಳ್ತೇವಿ."

"ಮಗ್ಗಕ್ಕೂ ಸೀಲಿಂಗಿಗೂ ಏನು ಸಂಬಂಧ್ರಿ ಅಕ್ಕಾರ?"

"ನಾಳೆ ಬರ್ರಿ, ಕೇಳೂಣಂತ."

ಮರುದಿನ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಮಗ್ಗಗಳು ಒಂದರ ಹಿಂದೆ ಒಂದು ಚಾಲೂ ಆದವು. ನಾನು ಸೆರಗು ಬಿಗಿದು ಕೆಳಗೆ ಇಳಿದೆ. ಮೊದಲ ಮೆಟ್ಟಿಲಲ್ಲೇ ಕೇಳಿಸಿತು, ಕಟಕಟಕಟಕಟ. ನಡುಗುತ್ತಿದ್ದದ್ದು ಜಿಪ್ಸಮ್ ಅಲ್ಲ. ನನ್ನ ಟೈಲುಗಳು. ಅವು ಹಗುರ, ಅವುಗಳ ಕೆಳಗಿರುವುದು ಬರೀ ತಗಡು. ಮಗ್ಗ ಒಂದು ಹೊಡೆತ ಹೊಡೆದರೆ ಇವು ಎರಡು ಹೊಡೆತ ಕುಣಿಯುತ್ತಿದ್ದವು. ಇತ್ತ ಜಿಪ್ಸಮ್ ಉಗುರು ಕೂಡ ಅಲ್ಲಾಡಿಸದೆ ನಿಂತಿತ್ತು.

ಭಾವನವರಿಗೆ ಬೇಕಾದ್ದು ತಾನಾಗಿಯೇ ಸಿಕ್ಕಿತ್ತು. ರಾತ್ರಿ ನಮ್ಮಲ್ಲೇ ಉಳಿದಿದ್ದ ಅವರು ಮೆಟ್ಟಿಲ ಮೇಲೆ ನಿಂತು, "ಭಜನಿ ಚಾಲೂ ಆತಲ್ಲೋ ತಮ್ಮಾ! ತಾಳ ಸೀಲಿಂಗಿಂದ, ಇನ್ನ ಹಾಡವರು ಬಂದ್ರ ಆತು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿ ಬಂದವರು ಟೇಪು ತೆಗೆದು, "ಹಂಗಾರ ಜಿಪ್ಸಮ್ ಅಳತಿ ತಗೋಳ್ಳೇನ್ರಿ?" ಎಂದರು. ಇವರು ನನ್ನ ಮುಖ ನೋಡಲಾರದೆ ಗೋಡೆ ನೋಡುತ್ತ ನಿಂತರು.

ಒಂದು ಗಳಿಗೆ ನನಗೂ ಅನಿಸಿತು, ಬಿಟ್ಟುಬಿಡಲೇ ಎಂದು. ಮೇಲೆ ಹೋದೆ. ಅಡುಗೆಮನೆಯಲ್ಲಿ ಅದೇ ಗೋಡೆಗೆ ಹಚ್ಚಿದ ಹಲಗೆಯ ಮೇಲೆ ನನ್ನ ಸ್ಟೀಲ್ ಡಬ್ಬಿಗಳ ಸಾಲು. ಅದೇ ಮಗ್ಗ, ಅದೇ ನಡುಕ, ಒಂದೂ ಸಪ್ಪಳ ಮಾಡುತ್ತಿರಲಿಲ್ಲ. ಮಾಡುವುದಿಲ್ಲ, ಯಾಕೆಂದರೆ ನಮ್ಮ ಓಣಿಗೆ ಹೊಸ ಸೊಸೆ ಬಂದರೆ ಒಲೆ ಹಚ್ಚುವುದಕ್ಕೂ ಮೊದಲು ಅವಳಿಗೆ ಕಲಿಸುವುದು ಡಬ್ಬಿಯ ಬುಡಕ್ಕೆ ಚಿಂದಿ ಇಡುವುದನ್ನು. ಸೀರೆಯ ಅಂಚು ಕತ್ತರಿಸಿ ಉಳಿದ ಪಟ್ಟಿ, ಮಗ್ಗದಿಂದ ಬಿದ್ದ ಗಟ್ಟಿ ನೂಲಿನ ಚೂರು. ತಟ್ಟೆಯ ಸ್ಟ್ಯಾಂಡಿಗೆ, ಗಡಿಯಾರದ ಬೆನ್ನಿಗೆ, ದೇವರ ಫೋಟೋಗಳ ಹಿಂದೆ ಎಲ್ಲಾ ಕಡೆ. ಇಡದಿದ್ದರೆ ಹಗಲೆಲ್ಲ ಮನೆ ಹಲ್ಲು ಕಡಿಯುತ್ತಿರುತ್ತದೆ. ನನಗೆ ಅದನ್ನು ಕಲಿಸಿದವರು ಅತ್ತೆ. ನನ್ನ ತವರಿನ ಡಬ್ಬಿಗಳ ಸಾಲನ್ನು ನೋಡಿ, "ಕಾನ್ವೆಂಟಿನ್ಯಾಗ ಇದೊಂದು ಬಿಟ್ಟು ಎಲ್ಲಾ ಕಲಸ್ಯಾರ" ಎಂದು ಹೇಳಿ ಚಿಂದಿಯ ಗಂಟು ಕೈಗೆ ಕೊಟ್ಟಿದ್ದರು.

ಆ ಗಂಟನ್ನೇ ತೆಗೆದುಕೊಂಡು ಇಳಿದೆ. ಕುರ್ಚಿ ಎಳೆದು, ಅದರ ಮೇಲೆ ಹತ್ತಿದೆ. ಭಾವನವರ ಎದುರು ಕುರ್ಚಿ ಹತ್ತಿ ನಿಂತದ್ದು ಅದೇ ಮೊದಲು. ಸೆರಗು ತಲೆಯಿಂದ ಜಾರಿತು, ಕೈಯೆರಡೂ ಮೇಲಿದ್ದವು, ಹಾಗೇ ಬಿಟ್ಟೆ. ಒಂದು ಟೈಲು ಎತ್ತಿದೆ, ಚೌಕದ ನಾಲ್ಕೂ ಮಗ್ಗುಲಿನ ತಗಡಿನ ಮೇಲೆ ಅಂಚಿನ ಪಟ್ಟಿ ಹಾಸಿದೆ, ಟೈಲು ಇಳಿಸಿದೆ. ಅದು ಸುಮ್ಮನಾಯಿತು. ಮುಂದಿನದು ಎತ್ತಿದೆ. ಅದೂ ಸುಮ್ಮನಾಯಿತು. ಒಂದೊಂದಾಗಿ ಬಾಯಿ ಮುಚ್ಚುತ್ತ ಬಂದವು. ಕಡೆಯದು ಮುಚ್ಚಿದಾಗ ಆ ತುದಿಯಲ್ಲಿ ಗೋಡೆಯಾಚೆಯ ಮಗ್ಗದ ಸದ್ದು ಮಾತ್ರ ಉಳಿದಿತ್ತು, ಅದೂ ದೂರ ಹೋದಂತೆ ಕೇಳುತ್ತಿತ್ತು. ಜಿಪ್ಸಮಿನ ತುದಿಗೆ ಹೋಗಿ ನಿಂತರೆ ಅದೇ ಸದ್ದು ಮೇಲೆ ಬಡಿದು ತಿರುಗಿ ತಲೆಯ ಮೇಲೆ ಬೀಳುತ್ತಿತ್ತು. ಮೇಸ್ತ್ರಿ ಎರಡೂ ಕಡೆ ನಿಂತು ಚಪ್ಪಾಳೆ ಹೊಡೆದು ನೋಡಿದರು. "ಆ ತೂತಿಗೆ ಸಪ್ಪಳ ಹಿಡಕೊಳ್ಳೂ ಗುಣ ಐತ್ರಿ" ಎಂದರು.

ಅಷ್ಟರಲ್ಲಿ ಅತ್ತೆ ಮೆಟ್ಟಿಲಿನಿಂದ ಇಣುಕಿದರು. "ಚಿಂದಿ ಇಟ್ಟೇನ?" ಎಂದರು. "ನಾ ಕಲಿಸಿದ್ದು ಅದು. ನಿಮ್ಮ ಯಾರಿಗರ ತಿಳೀತ? ಗಂಡಸರ ಸುದ್ದಿ ಬಾಯಾಗಷ್ಟ."

"ನೀವ ಹೇಳ್ರಿ ಅತ್ತಿ, ಯಾವುದು ಹಾಕಸೂಣು?"

"ನನ್ನ ಯಾಕ ಕೇಳ್ತಿ? ಬಚ್ಚಲ ಪೈಪ್ ಕಾಣಬಾರದು. ಇನ್ನ ನೀವು ಬಡದಾಡ್ಕೋರಿ" ಎಂದು ಅವರು ಹೋಗಿಬಿಟ್ಟರು. ಅತ್ತೆ ನನ್ನ ಕಡೆ ಬಂದರೆಂದು ಹೇಳಲಾರೆ. ಆದರೆ ಆ ಕಡೆಯೂ ನಿಲ್ಲಲಿಲ್ಲ.

ಭಾವ ಈಗ ನಗುತ್ತಿರಲಿಲ್ಲ. "ಸಪ್ಪಳ ಹೋತು, ಖರೆ. ಆದ್ರ ಬಂದ ಮಂದಿ ಏನಂತಾರ ತಮ್ಮಾ? ಮುಧೋಳದಾಗ ನನ್ನ ಮನಿ ನೋಡ್ಯಾರ, ಇಲ್ಲಿ ಬಂದು ಇದನ್ನ ನೋಡಿದ್ರ? ಒಂದ ಮನಿತನ ಅಂತಾರೇನ? ನಿನ್ನ ಮನ್ಯಾಕಿಗೆ ಹೇಳು..."

ಇವರು ನಡುವೆ ನಿಂತಿದ್ದರು. ಮಾತು ಎಂದಿನಂತೆ ಅವರ ಮೂಲಕ ಹಾಯ್ದು ನನ್ನ ಕಡೆ ಬರಬೇಕಿತ್ತು. ನಾನು ಕುರ್ಚಿಯಿಂದ ಇಳಿದೆ. ಸೆರಗು ಎಳೆದುಕೊಂಡೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಬ್ಬರಿದ್ದರು, ಗದ್ದಲದ ಕ್ಲಾಸಿಗೆ ಬಂದು ಇನ್ನಷ್ಟು ಮೆಲ್ಲಗೆ ಮಾತಾಡುತ್ತಿದ್ದರು, ಕೇಳಬೇಕಾದವರು ತಾವೇ ಸುಮ್ಮನಾಗಬೇಕಿತ್ತು. ಅಷ್ಟೇ ಮೆಲ್ಲಗೆ ಹೇಳಿದೆ.

"ಭಾವಾರ, ಈ ಕೋಣಿಗೆ ಆ ಮಂದಿ ಬರೂದಿಲ್ರಿ. ಹುಡುಗ್ಯಾರು ಬರ್ತಾರ."

ಮೇಸ್ತ್ರಿ ಟೇಪನ್ನು ಕಟ್ಟನೆ ಒಳಗೆ ಬಿಟ್ಟುಕೊಂಡರು. ಇವರು ನನ್ನನ್ನೂ ಅಣ್ಣನನ್ನೂ ನೋಡಿದರು, ನಡುವಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಬೇಕೆಂದು ಸರಿದರೋ ಹೆದರಿ ಸರಿದರೋ ನಾನು ಇವತ್ತಿಗೂ ಕೇಳಿಲ್ಲ.

ಭಾವ ತಲೆಯೆತ್ತಿ ಟೈಲುಗಳನ್ನು ನೋಡಿದರು. ಆಮೇಲೆ ನನ್ನ ಕಡೆ ನೋಡಿ, ನನಗೇ ಹೇಳಿದರು: "ಹಂಗಾರ ನಾವು ಬಂದ್ರ ಎಲ್ಲಿ ಕುಂದರೂದವ್ವಾ?"

ಅವರ ಬಾಯಿಂದ ನೇರ ನನಗೆ ಬಂದ ಮೊದಲ ಮಾತು. ಸಿಟ್ಟು ಇತ್ತು ಅದರಲ್ಲಿ. ಸ್ವಲ್ಪ ನೋವೂ ಇತ್ತು, ನನಗೆ ಕಂಡಿತು. ಆದರೂ ಹೇಳಿದೆ.

"ಮ್ಯಾಲೆ ಹಾಲಿನ್ಯಾಗ್ರಿ. ಇಷ್ಟು ದಿನ ನೀವು ಬಂದಾಗ ಹುಡುಗ್ಯಾರು ಎದ್ದು ಜಾಗಾ ಬಿಟ್ಟು ಕೊಡ್ತಿದ್ರಲ್ರಿ, ಅದ ಜಾಗಾದಾಗ. ಇನ್ನ ಅದು ಪೂರಾ ನಿಮ್ಮದ. ಯಾರೂ ಬರೂದಿಲ್ಲ."

ಅವರು ಮೆಟ್ಟಿಲು ಹತ್ತಿ ಮೇಲೆ ಹೋದರು. ಊಟ ಮಾಡಿಯೇ ಹೊರಟರು, ಸಾರು ಎರಡು ಸಲ ಹಾಕಿಸಿಕೊಂಡರು, ಆದರೆ ಉಪ್ಪಿನ ವಿಷಯ ಯಾರ ಮೂಲಕವೂ ಹೇಳಲಿಲ್ಲ. ಅವರ ಗಾಡಿ ಓಣಿ ತಿರುಗಿದ ಮೇಲೆ ಮೇಸ್ತ್ರಿ ಇವರನ್ನು ಕೇಳಿದರು, "ಏನು ಹಾಕ್ಲಿರಿ ಕಡೀಕ?"

ಇವರು ನೋಡೂಣು ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. "ಕೋಣಿ ಯಾರದೋ ಅವರನ್ನ ಕೇಳ್ರಿ" ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಟೈಲು ಕೂರಿಸುವ ದಿನ ನನ್ನ ಹುಡುಗಿಯರೆಲ್ಲ ಬಂದಿದ್ದರು. ಒಬ್ಬೊಬ್ಬಳೂ ತನ್ನ ಮನೆಯಿಂದ ಅಂಚಿನ ಪಟ್ಟಿ ತಂದಿದ್ದಳು, ಗಿಣಿಹಸಿರು, ಅರಿಸಿನ, ನೇರಳೆ. ಅವು ಟೈಲಿನ ಬುಡದಲ್ಲಿ ಅಡಗಿವೆ, ಕೆಳಗೆ ಕೂತವರಿಗೆ ಕಾಣುವುದಿಲ್ಲ. ಸೂರು ಒಂದು ಗೇಣು ಕೆಳಗೆ ಬಂದಿದೆ, ಎತ್ತರದವರು ನಿಂತರೆ ತಲೆ ತಗ್ಗಿಸಬೇಕು. ಬ್ಯಾಂಕಿನಂತೆಯೇ ಕಾಣುತ್ತದೆ, ನಾನು ಇಲ್ಲ ಎನ್ನುವುದಿಲ್ಲ. ಕಾಣಲಿ.

ಮೊನ್ನೆ ಭಾವ ಒಬ್ಬ ವ್ಯಾಪಾರಸ್ಥರನ್ನು ಕರೆದುಕೊಂಡು ಬಂದಿದ್ದರು. ಕೆಳಗೆ ಇಳಿಯಲಿಲ್ಲ. ಮೇಲೆ ಹಾಲಿನಲ್ಲಿ ಕೂತ ಸದ್ದು, ಸೀರೆಯ ಗಂಟು ಬಿಚ್ಚಿದ ಸದ್ದು ಮೆಟ್ಟಿಲ ಬಾಗಿಲಿನಿಂದ ಬಂತು. ಕೆಳಗೆ ಒಬ್ಬಳು ಎದ್ದು ನಿಂತು ಬಸ್ಸು ತಪ್ಪಿದ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ತೇರದಾಳದ ಬಸ್ಸು ಹೋಗಿಬಿಟ್ಟಿದೆ, ಇನ್ನೊಂದಕ್ಕೆ ಕಾಯಬೇಕು, ಅಲ್ಲಿಗೆ ಬಂದು ಅವಳಿಗೆ ಮುಂದಿನ ಮಾತು ಸಿಗುತ್ತಿರಲಿಲ್ಲ. ಆಗ ಮೇಲಿನಿಂದ ಮನೆಯವರ ದನಿ:

"ಏ ಇಕಿ, ಚಾ ಆಗಬೇಕಾಗಿತ್ತಲ್ಲಾ!"

ಹುಡುಗಿ ನನ್ನ ಮುಖ ನೋಡಿದಳು. ಉಳಿದವರೂ ನೋಡಿದರು.

"ಕ್ಲಾಸ್ ನಡದೇತ್ರಿ" ಎಂದು ಕುಳಿತಲ್ಲಿಂದಲೇ ಹೇಳಿದೆ.

ಆಮೇಲೆ ಗ್ಯಾಸ್ ಹಚ್ಚಿದ ಸದ್ದು, ಪಾತ್ರೆ ತಡಕಾಡಿದ ಸದ್ದು. ಒಂದು ಡಬ್ಬಿಯ ಮುಚ್ಚಳ ಬಿತ್ತು. ಇನ್ನೊಂದು ಬಿತ್ತು. "ಸಕ್ಕರಿ ಎಲ್ಲೇತಿ ಬೇ?" ಎಂದು ಮತ್ತೆ ಕೂಗಿದರು. ಭಾವನವರ ಕೆಮ್ಮು ಕೇಳಿಸಿತು, ಆಮೇಲೆ ಅವರೂ ಎದ್ದು ಅಡುಗೆಮನೆಗೆ ಬಂದ ಹೆಜ್ಜೆ.

ಸಕ್ಕರೆ ಎಲ್ಲಿದೆ ಎಂದು ನಾನು ಹೇಳಲಿಲ್ಲ. ಹುಡುಗಿಯ ಕಡೆ ತಿರುಗಿ, "ಹೂಂ, ಬಸ್ ಹೋತು. ಮುಂದ?" ಎಂದೆ.